ಪ್ರತಿಕ್ರಿಯೆ: ಆದೇಶ ಬರುವವರೆಗೆ ಸುಮ್ಮನಿರಬೇಕೇ?

ವಿಭಾಗಗಳ ವಿಲೀನದ ಸುದ್ದಿ ಹಬ್ಬಿದೆ, ಯಾರ ಕೆಲಸ ಉಳಿಯುತ್ತದೆಂದು ನಿಮಗೇ ತಿಳಿದಿಲ್ಲ, ಆದೇಶ ಬರುವವರೆಗೆ ತಂಡದ ಮುಂದೆ ಸುಮ್ಮನಿರಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ನೀವು ಬಾಯಿ ಮುಚ್ಚಿಕೊಂಡಷ್ಟೂ ಗಾಳಿಮಾತಿಗೆ ರೆಕ್ಕೆ ಬರುತ್ತದೆ. ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತನಾಡಿದರೂ ಅದಕ್ಕೊಂದು ಅರ್ಥ ಹುಟ್ಟುತ್ತದೆ.

ವಾರಕ್ಕೊಮ್ಮೆ, ನಿಗದಿತ ಹೊತ್ತಿಗೆ, ಹತ್ತು ನಿಮಿಷ ಎಲ್ಲರನ್ನೂ ಸೇರಿಸಿ. ತೀರ್ಮಾನವಾಗಿರುವುದು ಇಷ್ಟು, ಆಗದಿರುವುದು ಇಷ್ಟು, ಮತ್ತೆ ಇಂಥ ದಿನ ತಿಳಿಸುತ್ತೇನೆ ಎಂದು ಹೇಳಿ. ಹೊಸತೇನೂ ಇಲ್ಲದ ವಾರವೂ ಸಭೆಯನ್ನು ರದ್ದು ಮಾಡಬೇಡಿ. ರದ್ದಾದ ಸಭೆಯನ್ನೇ ಜನ ಕೆಟ್ಟ ಸುದ್ದಿ ಎಂದುಕೊಳ್ಳುತ್ತಾರೆ. "ಯಾರ ಕೆಲಸಕ್ಕೂ ಕುತ್ತಿಲ್ಲ" ಎಂಬ ಭರವಸೆ ಮಾತ್ರ ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ಸುಳ್ಳಾದರೆ ಆಮೇಲೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಗೋಪ್ಯವಾದದ್ದನ್ನು ಕೇಳಿದರೆ "ಗೊತ್ತಿಲ್ಲ" ಎನ್ನುವ ಬದಲು "ಈಗ ಹೇಳುವಂತಿಲ್ಲ" ಎನ್ನಿ.

ಸಭೆಯಲ್ಲಿ ತುಟಿ ಬಿಚ್ಚದವರನ್ನು ಪ್ರತ್ಯೇಕವಾಗಿ ಮಾತನಾಡಿಸಿ. ಗಟ್ಟಿಯಾಗಿ ಗೊಣಗುವವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಸದ್ದಿಲ್ಲದೆ ಬೇರೆ ಕೆಲಸ ಹುಡುಕುವವರು ಸಾಮಾನ್ಯವಾಗಿ ಈ ಮೌನಿಗಳೇ. ದಿನನಿತ್ಯದ ವ್ಯವಹಾರ ಎಂದಿನಂತೆ ನಡೆಯಲಿ. ವಿಲೀನದ ನೆಪದಲ್ಲಿ ಒಬ್ಬರ ರಜೆ ಅರ್ಜಿ ನಿಮ್ಮ ಮೇಜಿನ ಮೇಲೆ ಕೊಳೆಯುತ್ತಿದ್ದರೆ, ಸಭೆಯಲ್ಲಿ ನೀವು ಹೇಳಿದ ಒಂದು ಮಾತೂ ಯಾರ ತಲೆಗೂ ಹೋಗುವುದಿಲ್ಲ.