ಜೌಗು ಪ್ರದೇಶದ ಪುನಶ್ಚೇತನ: ಲಾಭದ ಲೆಕ್ಕವನ್ನು ನಂಬುವುದು ಯಾವಾಗ?

ಪ್ರಶ್ನೆ: ಜೌಗು ಪ್ರದೇಶವೊಂದರ ಪುನಶ್ಚೇತನ ಯೋಜನೆಯ ಐದು ವರ್ಷದ ವರದಿ ಓದಿದೆ. ನೆಟ್ಟ ಗಿಡಗಳಲ್ಲಿ ಶೇ 80ರಷ್ಟು ಉಳಿದಿವೆ, ಹಕ್ಕಿಗಳು ಹೆಚ್ಚಿವೆ, ಹಾಕಿದ ಹಣದ ಎರಡು ಪಟ್ಟು ಲಾಭವಾಗಿದೆ ಎಂದಿದೆ. ನಂಬಬಹುದೇ?

ಉತ್ತರ: ಗಿಡ ಉಳಿದ ಮಾತ್ರಕ್ಕೆ ಜೌಗು ಸುಧಾರಿಸಿತು ಎನ್ನಲಾಗದು, ನೀರುಣಿಸಿ, ಸತ್ತ ಕಡೆ ಮತ್ತೆ ನೆಟ್ಟು ಆ ಸಂಖ್ಯೆಯನ್ನು ಕಾಯ್ದುಕೊಳ್ಳಬಹುದು. ನೀರು ಎಷ್ಟು ಆಳಕ್ಕೆ, ವರ್ಷಕ್ಕೆ ಎಷ್ಟು ದಿನ ನಿಲ್ಲುತ್ತದೆ, ಯಾರೂ ನೆಡದ ಸಸಿಗಳು ತಾವಾಗಿ ಹುಟ್ಟುತ್ತಿವೆಯೇ ಎಂದು ಕೇಳಿ.

ಅದಕ್ಕಿಂತ ಮುಖ್ಯವಾದದ್ದು, ಯೋಜನೆಯೇ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು. ಇದು ತಿಳಿಯಲು, ಕೆಲಸ ನಡೆಯದ ಅದೇ ಬಗೆಯ ಇನ್ನೊಂದು ಜೌಗಿನಲ್ಲೂ ಮೊದಲು ಮತ್ತು ಆಮೇಲೆ ಎಣಿಸಿರಬೇಕು. ಯೋಜನೆಯ ಜಾಗದಲ್ಲಿ ಹಕ್ಕಿ ಪ್ರಭೇದಗಳು 12ರಿಂದ 20ಕ್ಕೆ, ಹೋಲಿಕೆಯ ಜಾಗದಲ್ಲಿ 10ರಿಂದ 15ಕ್ಕೆ ಏರಿವೆ ಎಂದಿಟ್ಟುಕೊಳ್ಳಿ. ಆಗ ಯೋಜನೆಯ ಪಾಲಿಗೆ ಬರೆಯಬೇಕಾದದ್ದು 3. ಉಳಿದ 5 ಒಳ್ಳೆಯ ಮಳೆಯಿಂದ ಬಂದಿರಬಹುದು. ಎರಡೂ ಕಡೆ ಅದೇ ತಿಂಗಳು, ಅದೇ ವಿಧಾನ, ಅಷ್ಟೇ ಹೊತ್ತಿನ ಎಣಿಕೆ ಇರಬೇಕು. ಹೆಚ್ಚು ಹೊತ್ತು ಹುಡುಕಿದಷ್ಟೂ ಪ್ರಭೇದಗಳ ಪಟ್ಟಿ ಉದ್ದವಾಗುತ್ತದೆ. ಕೆಲಸಕ್ಕೆ ಮುಂಚಿನ ಒಂದೇ ವರ್ಷದ ಅಂಕಿಯೂ ಸಾಲದು. ಅದು ಬರಗಾಲದ ವರ್ಷವಾಗಿದ್ದರೆ ಆಮೇಲಿನದೆಲ್ಲ ಸುಧಾರಣೆಯಂತೆಯೇ ಕಾಣುತ್ತದೆ.

ಇನ್ನು ಹಣದ ಮಾತು. ಖರ್ಚು ಮೊದಲೇ ಬೀಳುತ್ತದೆ, ಲಾಭ ನಿಧಾನವಾಗಿ ಬರುತ್ತದೆ. ಹಾಗಾಗಿ ಮುಂದಿನ ಲಾಭವನ್ನು ಇಂದಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರ ಯಾವುದೆಂದು ನೋಡಿ. 30 ವರ್ಷದ ನಂತರ ಸಿಗುವ 100ಕ್ಕೆ ಶೇ 3ರ ದರದಲ್ಲಿ ಇಂದಿನ ಬೆಲೆ ಸುಮಾರು 41. ಶೇ 10ರಲ್ಲಿ 6ಕ್ಕೂ ಕಡಿಮೆ. ಕನಿಷ್ಠ ಎರಡು ದರಗಳಲ್ಲಿ ಲೆಕ್ಕ ಕೊಡದ ವರದಿಯ ‘ಎರಡು ಪಟ್ಟು’ ನಂಬಿಕೆಗೆ ಯೋಗ್ಯವಲ್ಲ.

ಲಾಭದ ಪಟ್ಟಿಯಲ್ಲಿ, ಜೌಗು ಹೂಳು ತಡೆದದ್ದಕ್ಕೊಂದು ಬೆಲೆ, ಅದರಿಂದ ನೀರಿನ ಶುದ್ಧೀಕರಣದಲ್ಲಿ ಉಳಿದ ಖರ್ಚಿಗೆ ಇನ್ನೊಂದು ಬೆಲೆ ಕಟ್ಟಿದ್ದರೆ ಒಂದೇ ಲಾಭ ಎರಡು ಸಲ ಸೇರಿದೆ. ‘ಬದಲಿಗೆ ಶುದ್ಧೀಕರಣ ಘಟಕ ಕಟ್ಟಿದ್ದರೆ ಇಷ್ಟು ಖರ್ಚಾಗುತ್ತಿತ್ತು, ಅದು ಉಳಿಯಿತು’ ಎಂಬ ವಾದವೂ, ಘಟಕವನ್ನು ನಿಜವಾಗಿ ಕಟ್ಟಲೇಬೇಕಿದ್ದರೆ ಮಾತ್ರ ಸಲ್ಲುತ್ತದೆ. ನ್ಯೂಯಾರ್ಕ್ ನಗರ 1997ರಲ್ಲಿ, ತನಗೆ ಕುಡಿಯುವ ನೀರು ಕೊಡುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ಜಲಾನಯನದ ರಕ್ಷಣೆಗೆ ಒಪ್ಪಂದ ಮಾಡಿಕೊಂಡಾಗ ಅದು ಗಟ್ಟಿ ವಾದವಾಗಿತ್ತು, ಏಕೆಂದರೆ ರಕ್ಷಣೆಯಿಲ್ಲದಿದ್ದರೆ ಸೋಸುವ ಘಟಕ ಕಟ್ಟಬೇಕೆಂಬ ನಿಯಮವೇ ಇತ್ತು.

ಕಳೆ ತೆಗೆಯುವುದು, ತೂಬಿನ ದುರಸ್ತಿ, ಮುಂದಿನ ವರ್ಷಗಳ ಎಣಿಕೆ ಖರ್ಚಿನ ಪಟ್ಟಿಯಲ್ಲಿರಬೇಕು. ಅಲ್ಲಿ ದನ ಮೇಯಿಸುತ್ತಿದ್ದವರು, ಮೀನು ಹಿಡಿಯುತ್ತಿದ್ದವರು ಕಳೆದುಕೊಂಡ ಆದಾಯವೂ ಖರ್ಚೇ. ಲಾಭ ಕೆಳಗಿನ ಊರಿಗೆ, ನಷ್ಟ ದಂಡೆಯವರಿಗೆ ಎಂದಾದರೆ ಮೊತ್ತ ಎಷ್ಟೇ ಚೆನ್ನಾಗಿದ್ದರೂ ಅದು ಅನ್ಯಾಯ. ಯಾರಿಗೆ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಬರೆದುಕೊಡಲು ಕೇಳಿ.