ಅಂಗಡಿ ಗಾಜಿನ ಪಾರದರ್ಶಕ ಎಲ್‌ಇಡಿ ಹಗಲಲ್ಲಿ ಮಂಕಾಗುವುದಕ್ಕೆ

ಅಂಗಡಿ ಗಾಜಿಗೆ ಹಾಕಿದ ಪಾರದರ್ಶಕ ಎಲ್‌ಇಡಿ ಪರದೆ (ದೀಪದ ಸಾಲುಗಳ ನಡುವೆ ಆಚೆ ಕಾಣುವಂಥದ್ದು) ರಾತ್ರಿ ಚೆನ್ನಾಗಿ ಕಾಣುತ್ತೆ, ಹಗಲಲ್ಲಿ ಮಾತ್ರ ಚಿತ್ರ ತೊಳೆದುಹೋದಂತೆ ಇರುತ್ತೆ ಅಂದಿದ್ದೀರಿ. ಹಾಗಾದರೆ ಪರದೆ ಕೆಟ್ಟಿಲ್ಲ. ಬಹುಶಃ ಬೆಳಕು ಸಾಲುತ್ತಿಲ್ಲ, ಇಲ್ಲವೇ ವಿಡಿಯೋ ಇಂಥ ಪರದೆಗೆ ಹೊಂದುತ್ತಿಲ್ಲ.

ಮೊದಲು ಬ್ರೈಟ್‌ನೆಸ್ ಪೂರ್ತಿ ಏರಿಸಿ, ಬರೀ ಬಿಳಿ ಚಿತ್ರ ಹಾಕಿ, ಮಧ್ಯಾಹ್ನ ಹೊರಗೆ ನಿಂತು ನೋಡಿ. ಬಿಳಿಯೇ ಮಂಕಾಗಿದ್ದರೆ ಗಾಜಿಗೆ ಸನ್ ಫಿಲ್ಮ್ ಇದೆಯಾ ನೋಡಿ, ಅದು ಪರದೆಯ ಬೆಳಕನ್ನೂ ತಿನ್ನುತ್ತದೆ. ಫಿಲ್ಮ್ ಇಲ್ಲದಿದ್ದರೆ ಪರದೆಯ ನಿಟ್ಸ್ (ಪರದೆ ಎಷ್ಟು ಪ್ರಖರ ಅನ್ನೋದರ ಅಳತೆ) ಎಷ್ಟೆಂದು ಮಾರಿದವರನ್ನು ಕೇಳಿ. ಬಿಸಿಲು ಬೀಳುವ ಕಿಟಕಿಗೆ ಸಾಮಾನ್ಯವಾಗಿ 4000ಕ್ಕಿಂತ ಜಾಸ್ತಿ ಬೇಕು. 1000 ನಿಟ್ಸ್‌ನದಾದರೆ ಸೆಟ್ಟಿಂಗ್ ತಿರುಗಿಸಿ ಸುಮ್ನೆ ಸಮಯ ಹಾಳು.

ಬಿಳಿ ಚೆನ್ನಾಗಿದ್ದರೆ ತಪ್ಪು ವಿಡಿಯೋದ್ದು. ಇಲ್ಲಿ ಕಪ್ಪು ಅಂದರೆ ದೀಪ ಆರಿದ ಜಾಗ, ಅಲ್ಲಿಂದಲೇ ಅಂಗಡಿ ಒಳಗೆ ಕಾಣೋದು. ಟಿವಿ ಜಾಹೀರಾತನ್ನೇ ಹಾಕಿದರೆ ಅದರ ಬೂದು ಹಿನ್ನೆಲೆ ಇಡೀ ಗಾಜಿಗೆ ಮಂಜು ಕವಿಸುತ್ತದೆ. ಹಿನ್ನೆಲೆ ಅಪ್ಪಟ ಕಪ್ಪು ಮಾಡಿಸಿ, ಅಕ್ಷರ ದಪ್ಪ ಇರಲಿ. ತೆಳು ಅಕ್ಷರ ಎಲ್‌ಇಡಿ ಸಾಲುಗಳ ನಡುವೆ ಕಳೆದುಹೋಗುತ್ತೆ.

ಆಮೇಲೂ ಕಪ್ಪು ಜಾಗದಲ್ಲಿ ದೀಪಗಳು ಪೂರ್ತಿ ಆರದೆ ಮಂದವಾಗಿ ಉರಿಯುತ್ತಿದ್ದರೆ, ಕಪ್ಪು ಬೂದಾಗಿ ಹೋಗುತ್ತಿರಬಹುದು. ಪ್ಲೇಯರ್‌ನ (ಪರದೆಗೆ ವಿಡಿಯೋ ಕಳಿಸುವ ಪೆಟ್ಟಿಗೆ) ಎಚ್‌ಡಿಎಂಐ ಸೆಟ್ಟಿಂಗ್‌ನಲ್ಲಿ 'ಲಿಮಿಟೆಡ್' ಬದಲು 'ಫುಲ್ ರೇಂಜ್' ಆರಿಸಿ.