ರಿಪೋರ್ಟಿನಲ್ಲಿ ‘ಪೂರ್’ ಅಂತ ಇತ್ತು

(ತಾಯಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಮನೆಯ ವಿವರ ಬದಲಿಸಿದ್ದೇನೆ.)

ಸುಮಾ ಮೊದಲ ದಿನ ಬಂದಾಗ ಕೈಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ 22 ಪುಟದ ಜೀನ್ ಟೆಸ್ಟ್ ರಿಪೋರ್ಟ್ ಇತ್ತು. ಪಕ್ಕದಲ್ಲಿ ಹನ್ನೊಂದು ವರ್ಷದ ಮಗ ಚಿನ್ಮಯ. ಸ್ಕೂಲ್ ಬ್ಯಾಗಿನ ಜಿಪ್ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. “ಮೇಡಂ, ಇದನ್ನ ನೋಡಿ ಯಾವ ಮಾತ್ರೆ ಕೊಡಬೇಕು ಅಂತ ಹೇಳಿಬಿಡಿ” ಎಂದರು. ಮಾತ್ರೆ ಬರೆಯುವುದು ನನ್ನ ಕೆಲಸ ಅಲ್ಲ, ನಾನು ಆಪ್ತಸಲಹೆಗಾರ್ತಿ ಅಂತ ಮೊದಲೇ ಹೇಳಿದೆ. ಆದರೂ ಕೂತು ಕೇಳಿದೆ.

ಹುಡುಗನಿಗೆ ಗಮನ ನಿಲ್ಲದೆ ಚಡಪಡಿಸುವ ತೊಂದರೆ, ಎಡಿಎಚ್‌ಡಿ. ಸಾಮಾನ್ಯವಾಗಿ ಮೊದಲು ಯೋಚಿಸುವ ಔಷಧಿ ಮಿಥೈಲ್‌ಫೆನಿಡೇಟ್. ಆದರೆ ಅದು ಕಟ್ಟುನಿಟ್ಟಿನ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿದೆ. ಡಾಕ್ಟರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಮೆಡಿಕಲ್ ಶಾಪಿನವರೇ ಇಟ್ಟುಕೊಳ್ಳುತ್ತಾರೆ. ಸಣ್ಣ ಊರುಗಳಲ್ಲಿ ಅದನ್ನು ಇಡುವ ಅಂಗಡಿ ಹುಡುಕುವುದೇ ಒಂದು ಕೆಲಸ. ಹಾಗಾಗಿ ಮನೋವೈದ್ಯರು ಅಟೊಮಾಕ್ಸೆಟಿನ್ ಅನ್ನುವ ಇನ್ನೊಂದು ಔಷಧಿ ಕೊಟ್ಟಿದ್ದರು. 30 ಕೆಜಿ ಹುಡುಗನಿಗೆ ಮೊದಲು 18 ಮಿಲಿಗ್ರಾಂ, ವಾರದ ಮೇಲೆ 25. ಮಾಮೂಲಿ ಲೆಕ್ಕವೇ, ಡಾಕ್ಟರ ತಪ್ಪೇನಿಲ್ಲ. ಆದರೆ ಇವನಿಗೆ ತಿಂಡಿ ಕಂಡರೆ ವಾಕರಿಕೆ, ಕ್ಲಾಸಿನಲ್ಲಿ ತೂಕಡಿಕೆ, ಎದೆ ಡವಡವ. ಮೂರನೇ ವಾರ ಸುಮಾ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು.

ಆಮೇಲೆ ಅಮೆರಿಕದಲ್ಲಿರುವ ನಾದಿನಿಯ ಸಲಹೆ: ಜೀನ್ ಟೆಸ್ಟ್ ಮಾಡಿಸಿ, ಯಾವ ಮಾತ್ರೆ ಒಗ್ಗುತ್ತೆ ಅಂತ ಗೊತ್ತಾಗುತ್ತೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕೊರಿಯರ್ ಮಾಡಿದರು. ಚೀಟಿ ಎತ್ತಿದ ದುಡ್ಡೆಲ್ಲ ಅದಕ್ಕೇ ಹೋಯಿತು. ಬಂದ ರಿಪೋರ್ಟಿನಲ್ಲಿ ಔಷಧಿಗಳ ಹೆಸರು ಹಸಿರು, ಹಳದಿ, ಕೆಂಪು ಅಂತ ಮೂರು ಪಟ್ಟಿಯಲ್ಲಿದ್ದವು. ಅಟೊಮಾಕ್ಸೆಟಿನ್ ಕೆಂಪು. ಮಿಥೈಲ್‌ಫೆನಿಡೇಟೂ ಕೆಂಪು. ಈಗ ಡಾಕ್ಟರು ಮಿಥೈಲ್‌ಫೆನಿಡೇಟ್ ನೋಡೋಣ ಅಂದರೆ ಸುಮಾ ಒಪ್ಪುತ್ತಿಲ್ಲ. “ಕೆಂಪಲ್ಲಿ ಇರೋದನ್ನ ಗೊತ್ತಿದ್ದೂ ಹೆಂಗೆ ಕೊಡ್ಲಿ ಮೇಡಂ?”

ಇಷ್ಟು ಹೊತ್ತು ಸುಮ್ಮನಿದ್ದ ಹುಡುಗ ಜಿಪ್ ಬಿಟ್ಟು ಕೇಳಿದ: “ಆಂಟಿ, ಪೂರ್ ಅಂದ್ರೆ ಫೇಲ್ ಅಲ್ವಾ?”

ಮೊದಲ ಪುಟದಲ್ಲಿ ಸಿವೈಪಿ2ಡಿ6 ಅನ್ನುವ ಜೀನಿನ ಮುಂದೆ ‘ಪೂರ್ ಮೆಟಬೊಲೈಸರ್’ ಅಂತ ಇತ್ತು. ಇವನ ಪ್ರೋಗ್ರೆಸ್ ಕಾರ್ಡಿನಲ್ಲಿ ಬರವಣಿಗೆಯ ಮುಂದೆಯೂ ಅದೇ ಪದ. ಮಗು ಎರಡನ್ನೂ ಕೂಡಿಸಿಕೊಂಡಿತ್ತು. ಇದನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ನನಗೆ ಅವತ್ತಿನ ಕೇಸು ಅಲ್ಲೇ ಶುರುವಾಯಿತು.

“ನಿಮ್ಮ ಬಚ್ಚಲಿನ ತೂತು ಸಣ್ಣದಿದ್ದರೆ ಏನಾಗುತ್ತೆ?” ಅಂದೆ. ನೀರು ನಿಲ್ಲುತ್ತೆ ಅಂದ. “ನೀನು ಮೊದಲು ತಗೊಂಡ ಮಾತ್ರೆ ವಿಷಯದಲ್ಲಿ ನಿನ್ನ ತೂತು ಸಣ್ಣದು, ಅಷ್ಟೇ. ಬೇರೆಯವರ ಮೈಯಲ್ಲಿ ಸುಮಾರು 5 ಗಂಟೆಗೆ ಅರ್ಧ ಇಳಿಯೋದು, ನಿನ್ನಂಥವರಿಗೆ 20 ಗಂಟೆಗೂ ಜಾಸ್ತಿ ಹಿಡಿಯುತ್ತೆ. ಇಳಿಯೋದ್ರೊಳಗೆ ಇನ್ನೊಂದು ಬಕೆಟ್ ಸುರಿದರೆ?” ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ಚೊಂಬಲ್ಲಿ ಹಾಕ್ಬೇಕು” ಅಂದ. 2019ರಲ್ಲಿ ತಜ್ಞರು ಅಟೊಮಾಕ್ಸೆಟಿನ್ ಬಗ್ಗೆಯೇ ಮಾಡಿದ ಮಾರ್ಗಸೂಚಿಯ ತಿರುಳೂ ಹೆಚ್ಚುಕಡಿಮೆ ಅದೇ: ಕಡಿಮೆಯಿಂದ ಶುರು ಮಾಡಿ, ನಿಧಾನಕ್ಕೆ ಏರಿಸಿ.

ಅವನನ್ನು ಹೊರಗೆ ಕಳಿಸಿದ ಮೇಲೆ ಸುಮಾ ಅತ್ತರು. ಅತ್ತೆ “ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ” ಅಂತ ದಿನಾ ಚುಚ್ಚುತ್ತಿದ್ದರಂತೆ. ನಾನು ಹೇಳಿದೆ: ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡೂ ಕೆಲಸ ಮಾಡದಿದ್ದರೆ ಮಾತ್ರ ‘ಪೂರ್’. ಅಂದರೆ ಎರಡೂ ಕಡೆಯಿಂದ ಬಂದಿದೆ. ಮತ್ತೆ ಇದು ಎಡಿಎಚ್‌ಡಿ ತರುವ ಜೀನೂ ಅಲ್ಲ, ಲಿವರ್‌ನಲ್ಲಿ ಔಷಧಿ ಒಡೆಯುವ ಕಿಣ್ವದ್ದು. ಮುಂದಿನ ಭೇಟಿಗೆ ಗಂಡನನ್ನೂ ಕರೆತರಲು ಹೇಳಿದೆ. ಅತ್ತೆಗೆ ಈ ಮಾತು ಮಗನ ಬಾಯಿಂದ ಹೋದರೇ ಒಳ್ಳೆಯದು.

ಇನ್ನು ಆ ಬಣ್ಣಗಳು. ಟೆಸ್ಟ್ ಪೂರಾ ದಂಡ ಅಂತ ನಾನು ಹೇಳಲಿಲ್ಲ. ಅಟೊಮಾಕ್ಸೆಟಿನ್ ಯಾಕೆ ಹಾಗಾಡಿಸಿತು ಅನ್ನುವುದಕ್ಕೆ ಒಂದು ಒಳ್ಳೆಯ ಕಾರಣ ಅದರಿಂದಲೇ ಸಿಕ್ಕಿತು. ಆದರೆ ಮಿಥೈಲ್‌ಫೆನಿಡೇಟನ್ನು ಮುಖ್ಯವಾಗಿ ಒಡೆಯುವುದು ಬೇರೆಯೇ ಕಿಣ್ವ. ಕೆಂಪು ಯಾಕೆ ಅಂತ ಒಳಪುಟ ತಿರುವಿದರೆ ಕಾಮ್ಟ್ ಅನ್ನುವ ಜೀನ್ (ಮಿದುಳಿನ ಕೆಲವು ರಾಸಾಯನಿಕಗಳನ್ನು ಒಡೆಯುವ ಕಿಣ್ವದ್ದು) ತೋರಿಸಿದ್ದರು. ಅದನ್ನು ನೋಡಿ ಮಗುವಿಗೆ ಈ ಔಷಧಿ ಕೆಲಸ ಮಾಡುತ್ತೋ ಇಲ್ಲವೋ ಹೇಳುವಷ್ಟು ಗಟ್ಟಿ ಪುರಾವೆ ಇಲ್ಲ. ಹಸಿರು ಪಟ್ಟಿಯೂ ಅಷ್ಟೇ: ಮೈಯಲ್ಲಿ ಔಷಧಿ ತಂಗಲಿಕ್ಕಿಲ್ಲ ಅನ್ನಬಹುದು, ಕಾಯಿಲೆಗೆ ನಾಟುತ್ತೆ ಅಂತಲ್ಲ. ಅಮೆರಿಕದ ಔಷಧಿ ನಿಯಂತ್ರಕರು 2018ರಲ್ಲೇ ಇಂಥ ಟೆಸ್ಟುಗಳ ದೊಡ್ಡ ಮಾತುಗಳ ಬಗ್ಗೆ ಎಚ್ಚರಿಸಿದ್ದರು. ಅಲ್ಲಿನ ಮಕ್ಕಳ ಮನೋವೈದ್ಯರ ಅಕಾಡೆಮಿ 2020ರಲ್ಲಿ, ಮಕ್ಕಳಿಗೆ ಮಾತ್ರೆ ಆರಿಸಲು ಇವನ್ನು ಬಳಸಬೇಡಿ ಅಂತಲೇ ಹೇಳಿತು. ನಾದಿನಿಗೂ ಇದನ್ನು ತಿಳಿಸಿ ಎಂದೆ. ಸುಮಾ ಅವತ್ತು ಮೊದಲ ಸಲ ನಕ್ಕರು.

ಕೊಟ್ಟ ಸಲಹೆ ಇಷ್ಟು. ರಿಪೋರ್ಟನ್ನು ಬಚ್ಚಿಡದೆ ಡಾಕ್ಟರ ಮುಂದಿಡಿ, ಮಾತ್ರೆ ನಿಲ್ಲಿಸಿದ್ದನ್ನೂ ಹೇಳಿ. ಇನ್ನು ಮುಂದೆ ತೊಂದರೆ ಕಂಡರೆ ನಿಲ್ಲಿಸುವ ಮೊದಲು ಫೋನ್ ಮಾಡಿ. ಮಗುವಿನ ಫೈಲಿನ ಮೊದಲ ಪುಟದಲ್ಲಿ ಸಿವೈಪಿ2ಡಿ6ರ ಒಂದು ಸಾಲು ಬರೆದಿಡಿ. ಇದೇ ಕಿಣ್ವ ಒಡೆಯುವ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಅನ್ನುವ ಮನೋವೈದ್ಯರ ಔಷಧಿಗಳನ್ನು ಬರೆಯುವ ಪ್ರಸಂಗ ಬಂದರೆ ಬೇಕಾಗುತ್ತೆ. ಈ ಕಿಣ್ವ ಬದಲಾಯಿಸಿದ ಮೇಲೇ ಕೆಲಸ ಮಾಡುವ ಕೋಡೀನ್ ಥರದ ನೋವಿನ ಔಷಧಿಯೂ ಇವನಿಗೆ ಸರಿಯಾಗಿ ಹತ್ತಲಿಕ್ಕಿಲ್ಲ. ಮತ್ತೆ ಮಗನ ಎದುರು ರಿಪೋರ್ಟ್ ಓದುವಾಗ ‘ಪೂರ್’ ಬದಲು ‘ನಿಧಾನ’ ಅನ್ನಿ.

ಡಾಕ್ಟರು ಎರಡು ದಾರಿ ಇಟ್ಟರು: ಅಟೊಮಾಕ್ಸೆಟಿನ್ ಮತ್ತೆ ಸಣ್ಣ ಡೋಸಿನಲ್ಲಿ, ಇಲ್ಲವೇ ಮಿಥೈಲ್‌ಫೆನಿಡೇಟ್. ಅಪ್ಪ ಅಮ್ಮ ಎರಡನೆಯದನ್ನು ಆರಿಸಿದರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಜಿಲ್ಲಾ ಕೇಂದ್ರದಿಂದ ಮಾತ್ರೆ ತರುತ್ತಾರೆ. ಮೂರು ತಿಂಗಳಾಯಿತು. ನೋಟ್ಸ್ ಮುಗಿಯುತ್ತಿದೆ, ಜಿಪ್ ಆಟ ಇನ್ನೂ ಇದೆ. ಹಗಲು ಹಸಿವು ಕಡಿಮೆ, ಮಧ್ಯಾಹ್ನದ ಡಬ್ಬಿ ಅರ್ಧ ವಾಪಸ್ ಬರುತ್ತೆ. ಅದಕ್ಕೇ ತೂಕ ಬರೆದಿಡುತ್ತಿದ್ದಾರೆ. ರಾತ್ರಿ ಎಂಟೂವರೆಗೆ ಹಸಿವು ಅನ್ನುತ್ತಾನಂತೆ. ಆಗ ಎದ್ದು ದೋಸೆ ಹುಯ್ಯುವುದು ಅಜ್ಜಿ.